ಭರಣಿಯ ಚೀಟಿಯಲ್ಲಿ ಇಲ್ಲದವರು

ಕ್ಲೇಟನ್, ಮೆಲ್ಬರ್ನ್
12 ಆಗಸ್ಟ್ 2025, ಮಂಗಳವಾರ

ಪ್ರೀತಿಯ ವಿಯೋಲಾ ಅಕ್ಕಾ,

ನಿಮ್ಮ ಹರಾಜು ಕಂಪನಿ ಗುಲಾಮರ ಕೈಕೆಲಸವನ್ನು ಅವರ ಒಡೆಯನ ಹೆಸರಿನಲ್ಲಿ ಮಾರುತ್ತಿದೆ, ಆ ಭರಣಿಯ ಪರಿಚಯದ ಚೀಟಿ ಬರೆದವಳು ನೀನು. ಹೇಳಿಬಿಟ್ಟೆ. ಈಗ ನಿನ್ನ ಬೆನ್ನುನೋವು ಹೇಗಿದೆ? ಸಿಡ್ನಿಯ ನಾರ್ವೆಸ್ಟ್ ಆಫೀಸಿನ ಆ ಹಾಳು ಕುರ್ಚಿ ಬದಲಾಯಿಸಿಕೊಟ್ಟರೋ? ಈ ವಿಷಯ ಎತ್ತಿದರೆ ಫೋನ್ ಕಟ್ ಮಾಡುತ್ತೀ, ಅದಕ್ಕೇ ಕಾಗದ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಮಮ್ಮಿಯನ್ನು, ಹರಾಜಿಗೆ ಮುಂಚೆ ನಿಮ್ಮವರು ಮೆಲ್ಬರ್ನಿನಲ್ಲಿ ಇಟ್ಟ ಪ್ರದರ್ಶನಕ್ಕೆ ಕರೆದುಕೊಂಡು ಹೋದೆ. ಮಗಳ ಕೆಲಸ ನೋಡಬೇಕೆಂದು ಕ್ಲೈಡ್ ನಾರ್ತ್‌ನ ಹರ್ಮನ್ ಮಾಮನ ಮನೆಯಿಂದ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ನಡುಮೇಜಿನ ಮೇಲೆ ಆ ಭರಣಿ. ನಮ್ಮ ಉಪ್ಪುಮಾವಿನ ಭರಣಿಯ ಎರಡರಷ್ಟು ದೊಡ್ಡದು, ಜೇನಿನ ಬಣ್ಣದ ಮೆರುಗು. ಮಮ್ಮಿ ಮಂಗಳೂರು ಮಾರ್ಕೆಟಿನಲ್ಲಿ ಮಾಡುವಂತೆಯೇ ಬೆರಳಗಂಟಿನಿಂದ ಕುಟ್ಟಿ ಶಬ್ದ ಕೇಳಿದಳು, ಬಳೆ ಮೇಲೇರಿಸಿ ಮೊಣಕೈವರೆಗೆ ಕೈ ಹಾಕಿ ಬಿರುಕು ಹುಡುಕಿದಳು. ಕಾವಲಿನವನು ಓಡಿ ಬಂದ. ನಾನು ಸಾರಿ ಹೇಳುತ್ತಿದ್ದರೂ ಅವಳು ಕೈ ತೆಗೆಯಲಿಲ್ಲ.

“ಒಳಗೆ ಬೆರಳಿನ ಗೆರೆ ಉಂಟು ಮಾರಾಯ್ತಿ, ಸಪೂರ ಬೆರಳು. ಯಾರದ್ದು?”

ಚೀಟಿ ಓದಿ ಹೇಳಿದೆ: ಸೌತ್ ಕ್ಯಾರೊಲಿನಾ, 1850ರ ಸುಮಾರು, ತಯಾರಕರು ಜೆ. ಹಾಲ್ಡೆನ್. ಈ ಹಾಲ್ಡೆನ್ ಭಟ್ಟಿಗೂ ಕುಂಬಾರರಿಗೂ ಒಡೆಯ, ಮಣ್ಣು ಮುಟ್ಟಿದವನೇ ಅಲ್ಲ ಎಂದು ನನಗೆ ಹೇಳಿದವಳು ನೀನು. ‘ಗುಲಾಮ’ ಎಂಬ ಪದ ಕಂಡರೆ ಗಿರಾಕಿಗಳಿಗೆ ಕಸಿವಿಸಿಯೆಂದು ಬಾಸ್ ಅದನ್ನು ಹೊಡೆದುಹಾಕಿದ್ದನ್ನೂ ನೀನೇ ಹೇಳಿದ್ದೆ. ಮಮ್ಮಿಗೆ ಎಲ್ಲ ತಿಳಿಸಿದೆ. “ವಿಯೋಲಾಗೆ ಗೊತ್ತಿದ್ದೂ ಬರೆದದ್ದಾ?” ಎಂದಳು.

ಈ ದೇಶದಲ್ಲಿ ಕಾಯಂ ನೆಲೆಸಲು ಬೇಕಾದ ನಿನ್ನ ಪಿಆರ್ ಆ ಕಂಪನಿಯ ಸ್ಪಾನ್ಸರ್‌ಶಿಪ್ ಮೇಲೆ ನಿಂತಿದೆ, ಬಲ್ಲೆ. ನಾನು ಕಾಲೇಜಿನಲ್ಲಿ ಕರಪತ್ರ ಹಂಚುವುದನ್ನು ಹಂಗಿಸಿ “ನಿನ್ನ ಕರಪತ್ರದ ಕ್ರಾಂತಿಗೆ ವೀಸಾ ಬೇಡ, ನನಗೆ ಬೇಕು” ಎಂದೆಯಲ್ಲ, ನಿಜವಾದ್ದರಿಂದಲೇ ಇನ್ನೂ ಚುಚ್ಚುತ್ತಿದೆ. ಆದರೂ ಅಕ್ಕಾ, ‘ಗುಲಾಮಗಿರಿಯಲ್ಲಿದ್ದ ಕುಂಬಾರರು ಮಾಡಿದ್ದು, ಹೆಸರು ತಿಳಿದಿಲ್ಲ’ ಎಂದು ಬರೆಯಲು ಎಷ್ಟು ಜಾಗ ಬೇಕು? ಎರಡು ದಿನದಿಂದ ಕ್ಲಾಸಿನಲ್ಲಿ ಕೂರಲಾಗುತ್ತಿಲ್ಲ, ಬಸ್ಸಿನಲ್ಲಿ ಸ್ಟಾಪ್ ದಾಟಿ ಹೋಗುತ್ತಿದ್ದೇನೆ.

ಮಮ್ಮಿ ಸಿಟ್ಟಿನಲ್ಲೇ ನಿನಗಾಗಿ ಜಪಸರ ಹೇಳುತ್ತಿದ್ದಾಳೆ. ಬೆನ್ನಿಗೆ ಎಣ್ಣೆ ಬಿಸಿ ಮಾಡಿ ಹಚ್ಚಬೇಕಂತೆ.

ನಿನ್ನ ತಂಗಿ,
ಆನ್ ಮರಿಯಾ

ತಾ.ಕ.: ಸಿಡ್ನಿಯ ಹರಾಜಿಗೆ ಬರುತ್ತಿದ್ದೇನೆ, ಬಸ್ಸು ಬುಕ್ ಮಾಡಿಯಾಗಿದೆ. ಭರಣಿಯ ಸರದಿ ಬಂದಾಗ ಎದ್ದು ನಿಂತು, ಇದನ್ನು ಮಾಡಿದವರು ಯಾರು ಎಂದು ಕೇಳುತ್ತೇನೆ. ನೀನು ನನ್ನ ಅಕ್ಕ ಎಂದು ಯಾರಿಗೂ ಹೇಳುವುದಿಲ್ಲ, ನಿನ್ನ ಕಡೆ ನೋಡುವುದೂ ಇಲ್ಲ. ಜೊತೆಗೆ ಒಳಗೆ ಹೋಗೋಣ ಅನಿಸಿದರೆ ಮಾತ್ರ ಬಾ: ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಸಿಡ್ನಿ ಸೆಂಟ್ರಲ್ ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೆ.