ಹಿಂದಿನ ಕೋಣೆಗೆ ಸಿಗ್ನಲ್ ತಂದದ್ದು

ರಾಣೆಬೆನ್ನೂರು
೪-೧೨-೨೦೦೭, ಮಂಗಳವಾರ

ಪ್ರೀತಿಯ ಮೊಮ್ಮಗಳು ಸುಧಾರಾಣಿಗೆ,

ನಿನ್ನ ಅಜ್ಜ ಅಂದಾನೆಪ್ಪನ ತುಂಬು ಮನಸ್ಸಿನ ಆಶೀರ್ವಾದ. ಹೇಗಿದ್ದೀಯವ್ವಾ? ವಾಂತಿ ಕಡಿಮೆಯಾಯಿತೇ? ಬೆಳಿಗ್ಗೆ ಏಳುತ್ತಲೇ ಒಂದು ಚೂರು ಕಟಕ ರೊಟ್ಟಿ ಬಾಯಿಗೆ ಹಾಕಿಕೊಂಡರೆ ಹೊಟ್ಟೆ ತೊಳಸುವುದು ನಿಲ್ಲುತ್ತದೆ ಎಂದು ನಿನ್ನ ಅವ್ವ ಹೇಳುತ್ತಾಳೆ. ಬ್ಯಾಡಗಿಯಲ್ಲಿ ಈಗ ಮೆಣಸಿನಕಾಯಿ ಬರತೊಡಗಿರಬೇಕು, ನಿಮ್ಮ ಮನೆಯೋ ದಲಾಲಿ ಅಂಗಡಿಯ ಮೇಲೆಯೇ ಇದೆ. ಘಾಟು ಏರಿದರೆ ಹೊಸ ಸೊಸೆ ಎಂದು ಸಂಕೋಚಪಟ್ಟು ಕೆಮ್ಮುತ್ತ ಕೂಡಬೇಡ, ಹಿತ್ತಲಿಗೆ ಹೋಗಿ ಗಾಳಿಗೆ ಕುಳಿತುಕೋ. ಇದನ್ನು ಅಜ್ಜನೇ ಹೇಳಿದ್ದಾನೆಂದು ನಮ್ಮ ಅಳಿಯ ಚೇತನಕುಮಾರನಿಗೂ ತಿಳಿಸು. ಇಲ್ಲಿ ಎಲ್ಲರೂ ಅರಾಮ ಇದ್ದೇವೆ. ನನ್ನ ಮೊಣಕಾಲು ಮೊದಲಿನಷ್ಟೇ ಹಟಮಾರಿ.

ನೀನು ನಿನ್ನ ಅವ್ವನ ಮುಂದೆ ಆಡಿದ ಮಾತು ನನಗೆ ಮುಟ್ಟಿತು. 'ದೀಪಾವಳಿ ದಿವಸ ಸುದ್ದಿ ಎಲ್ಲಾರ್ಕಿಂತ ಮೊದಲ ಅಜ್ಜಗ ಹೇಳಿದೆ. ಹೂಂ, ಆತು, ಇಡು ಅಂತ ಫೋನ್ ಇಟ್ಟಬಿಟ್ಟ. ಟೇಬಲ್ ತಗಸಿದ ಸಿಟ್ಟು ಇನ್ನೂ ಹೋಗಿಲ್ಲ. ಅದು ಹೋಗೂತನಕ ನಾ ರಾಣೆಬೆನ್ನೂರಿಗೆ ಬರೂದಿಲ್ಲ' ಎಂದೆಯಂತೆ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಟೇಬಲ್ಲನ್ನು ಎತ್ತಿಸಿ ನೀನು ಕಂಪ್ಯೂಟರ್ ಕ್ಲಾಸ್ ತೆರೆದಾಗ ಸಿಟ್ಟು ಬಂದದ್ದು ಖರೆ. ಎರಡು ದಿವಸ ಊಟವನ್ನೂ ಬಿಟ್ಟಿದ್ದೆ. ಮೂರನೆಯ ದಿವಸ ಹುಡುಗಿಯರು ಸಾಲಾಗಿ ಕುಳಿತು ಟಕಟಕ ಟೈಪ್ ಮಾಡುವುದನ್ನು ಕಂಡು ಸಿಟ್ಟು ಇಳಿದೇ ಹೋಯಿತು. ಹಾಗಾದರೆ ಫೋನ್ ಯಾಕೆ ಹಾಗೆ ಇಟ್ಟೆ ಎಂದು ಕೇಳುತ್ತೀಯಲ್ಲ, ಅದಕ್ಕೆ ಬರುತ್ತೇನೆ. ಮೊದಲು ನಾನು ಮಾಡಿದ ಒಂದು ಕಿತಾಪತಿಯನ್ನು ಒಪ್ಪಿಕೊಳ್ಳಬೇಕು.

ನೀನು ತಂದಿಟ್ಟ ಆ ವೈರ್‌ಲೆಸ್ ಡಬ್ಬಿ, ತಂತಿಯಿಲ್ಲದೆ ಎಲ್ಲ ಕಂಪ್ಯೂಟರಿಗೂ ಇಂಟರ್‌ನೆಟ್ ಹಂಚುತ್ತದಲ್ಲ, ಅದರ ಸಿಗ್ನಲ್ ನನಗೆ ಹಿಂದಿನ ಕೋಣೆಯಲ್ಲಿ ಬೇಕಾಗಿತ್ತು. ಕ್ಲಾಸಿನ ಹಳೆಯ ಕಂಪ್ಯೂಟರೊಂದನ್ನು ನನ್ನ ಮಂಚದ ಪಕ್ಕಕ್ಕೆ ತರಿಸಿಕೊಂಡಿದ್ದೇನೆ. ನಡುವೆ ಮೊಳ ದಪ್ಪದ ಮಣ್ಣಿನ ಗೋಡೆ. ಸಿಗ್ನಲ್ ಬರಲೊಲ್ಲದು. ಹುಡುಕಿ ನೋಡಿದರೆ ಡಬ್ಬಿ ಎಲ್ಲಿತ್ತು ಗೊತ್ತೇ? ಆಯುಧಪೂಜೆಗೆ ನಿನ್ನ ಅವ್ವ ಪುಷ್ಪಲತಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಹಚ್ಚಿ, ಗೋಡೆಯ ದೇವರ ಮಾಡದೊಳಗೆ ಇಟ್ಟಿದ್ದಾಳೆ. ಮುಂದೆ ದೀಪ ಹಚ್ಚುವ ಹಿತ್ತಾಳೆಯ ಸಮೆ, ಹಿಂದೆ ಹಿತ್ತಾಳೆಯ ಅಗಲವಾದ ಪರಾತ. ಮಾಡದಲ್ಲಿ ಹಿಡಿಸಲಿಲ್ಲವೆಂದು ಆಂಟೆನಾವನ್ನೂ ಮಡಚಿಬಿಟ್ಟಿದ್ದಾಳೆ. ಡಬ್ಬಿಗೆ ಉಸಿರುಕಟ್ಟಿದೆ, ತೆಗೆ ಎಂದರೆ, 'ಪೂಜಿ ಮಾಡಿ ಇಟ್ಟದ್ದನ್ನ ಕಂಡಕಂಡಾಗ ಎತ್ತಬಾರದ್ರಿ ಮಾವಾರ, ಸೋಮವಾರ ಬರ್ಲಿ' ಎಂದಳು. ಸೋಮವಾರದವರೆಗೆ ಕಾದೆ. ಅವಳೇ ಕಾಯಿ ಒಡೆದು, ಡಬ್ಬಿಯನ್ನು ಎತ್ತಿ ಅಟ್ಟದ ತುದಿಗೆ ಇಟ್ಟುಕೊಟ್ಟಳು. ವಿಭೂತಿ ಇನ್ನೂ ಇದೆ, ನಾನು ಒರೆಸಲಿಲ್ಲ.

ಅಷ್ಟಾದರೂ ಸರಿಹೋಗಲಿಲ್ಲ. ಈಗ ನಿನ್ನ ಕ್ಲಾಸ್ ನಡೆಸುತ್ತಿರುವ ಕುಲ್ಸುಮಬಿ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದು ತೋರಿಸಿದಳು. ಅಡ್ವಾನ್ಸ್ಡ್ ಎಂಬಲ್ಲಿ ಕೆಂಪಕ್ಷರದ ಎಚ್ಚರಿಕೆ, ತಿಳಿಯದವರು ಮುಟ್ಟಬೇಡಿ ಎಂದು. 'ಬ್ಯಾಡ್ರಿ ಅಜ್ಜಾರ, ಸುಧಾ ಅಕ್ಕ ನನಗ ಬೈತಾಳ್ರಿ' ಎಂದು ಅಂಜಿದಳು. ಒಳಗೆ ನೋಡಿದರೆ ಏನಿದೆ? ಚಾನೆಲ್, ಪವರ್, ಆಂಟೆನಾ. ನಾನು ಅನ್ನ ಉಂಡದ್ದೇ ಈ ಮಾತುಗಳಿಂದ. ಪವರ್ ಅರ್ಧಕ್ಕಿತ್ತು, ಪೂರ್ತಿ ಏರಿಸಿದೆ. ನನ್ನ ಕೋಣೆಯ ಕಂಪ್ಯೂಟರಿನಲ್ಲಿ ಸಿಗ್ನಲ್ಲಿನ ಎಲ್ಲ ಗೀಟುಗಳೂ ತುಂಬಿದವು, ಆದರೆ ಒಂದು ಪುಟವೂ ತೆರೆಯಲಿಲ್ಲ. ಒಂದಿಡೀ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಡಬ್ಬಿಯ ಕೂಗು ನನ್ನ ಕೋಣೆಗೆ ಬರುತ್ತಿದೆ, ನನ್ನ ಕಂಪ್ಯೂಟರಿಗೆ ಸಿಕ್ಕಿಸಿದ ಬೆರಳುದ್ದದ ಕಡ್ಡಿಯ ಉತ್ತರ ಮಾತ್ರ ಡಬ್ಬಿಗೆ ಮುಟ್ಟುತ್ತಿಲ್ಲ. ಒಂದು ಕಡೆಯವರು ಎಷ್ಟು ಜೋರಾಗಿ ಕೂಗಿದರೇನು ಬಂತು? ಪವರನ್ನು ಮೊದಲಿದ್ದಲ್ಲಿಗೇ ಇಳಿಸಿದೆ.

ಆಮೇಲೆ ಚಾನೆಲ್ ನೋಡಿದೆ. ನಮ್ಮದು ಆರು, ಪಕ್ಕದ ಫಕ್ಕೀರೇಶನ ಮೊಬೈಲ್ ಅಂಗಡಿಯದೂ ಆರು. ಒಂದೇ ಜಾಗದಲ್ಲಿ ಎರಡು ಸ್ಟೇಷನ್ ಹಾಡಿದರೆ ಯಾವ ಹಾಡು ಕೇಳೀತು? ನಮ್ಮದನ್ನು ಹನ್ನೊಂದಕ್ಕೆ ಒಯ್ದೆ. ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿದೆ. ವೇಗವನ್ನು ಐವತ್ನಾಲ್ಕು ಮೆಗಾಬಿಟ್ಟಿನಿಂದ ಹನ್ನೊಂದಕ್ಕೆ ಕಟ್ಟಿಹಾಕಿದೆ, ಯಾಕೆಂದರೆ ನಿಧಾನ ಹೋದದ್ದು ದೂರ ಮುಟ್ಟುತ್ತದೆ. ಪುಟ ತೆರೆಯಿತು! ಕ್ಲಾಸಿನಲ್ಲಿ ಸ್ವಲ್ಪ ನಿಧಾನವಾಯಿತೆಂದು ಕುಲ್ಸುಮಬಿ ಮುಖ ಗಂಟಿಕ್ಕಿದಳು, ನಾನು ಕೈಮುಗಿದ ಮೇಲೆ ನಕ್ಕಳು. ಹಳೆಯ ನಂಬರುಗಳನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ನೀನು ಬಂದು ಬೇಕಾದರೆ ಬದಲಿಸು, ಬೈಯುವುದಿದ್ದರೆ ನನ್ನನ್ನು ಬೈ.

ಈ ವಯಸ್ಸಿಗೆ ನಿಮಗೆ ಇಂಟರ್‌ನೆಟ್ ಯಾಕೆಂದು ನಿನ್ನ ಅವ್ವ ಮೂರು ಸಲ ಕೇಳಿದಳು. ನಾನು ಎದ್ದು ಹೊರಗೆ ಹೋದೆ. ಕಾಗದ ತುಂಬುತ್ತ ಬಂತು, ಹೇಳಬೇಕಾದದ್ದು ಹಾಗೇ ಉಳಿದಿದೆ. ನಿನ್ನ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಚೇತನಕುಮಾರನಿಗೆ ಆಶೀರ್ವಾದ. ನಿನಗೂ ಒಳಗಿರುವ ಕೂಸಿಗೂ ದೇವರು ಆಯುಸ್ಸು ಕೊಡಲಿ.

ಇಂತಿ ನಿನ್ನ ಅಜ್ಜ,
ಅಂದಾನೆಪ್ಪ

ತಾ.ಕ.: ಪೋಸ್ಟಿಗೆ ಹಾಕಲು ಕುಲ್ಸುಮಬಿ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸುಧಾ, ನನಗೆ ಕಿವಿ ಕೇಳುವುದಿಲ್ಲ. ಒಂದು ವರ್ಷವಾಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಹೇಗೋ ಸಾಗಿಸುತ್ತೇನೆ, ಫೋನಿನಲ್ಲಿ ಏನೂ ತಿಳಿಯುವುದಿಲ್ಲ. ರೇಡಿಯೋ ಅಂದಾನೆಪ್ಪನಿಗೆ ಕಿವಿ ಹೋಯಿತೆಂದು ಊರು ನಕ್ಕೀತೆಂದು ಮನೆಯಲ್ಲೂ ಹೇಳಲಿಲ್ಲ. ಆ ದಿವಸ ಫೋನಿನಲ್ಲಿ ಇರುವವಳು ನೀನು ಎಂದಷ್ಟೇ ಗೊತ್ತಾಯಿತು, ಹೇಳಿದ್ದು ಒಂದಕ್ಷರವೂ ತಿಳಿಯಲಿಲ್ಲ. ಸಿಕ್ಕಿಬೀಳುತ್ತೇನೆಂದು ಹೆದರಿ ಇಟ್ಟುಬಿಟ್ಟೆ. ನಾಲ್ಕು ದಿವಸದ ಮೇಲೆ ನಿನ್ನ ಅವ್ವ ಪೇಡೆ ಕೈಗಿಟ್ಟಾಗ ಸುದ್ದಿ ತಿಳಿದದ್ದು. ಕೋಣೆಯ ಬಾಗಿಲು ಹಾಕಿಕೊಂಡು ಕಣ್ಣೀರು ಹಾಕಿದೆ. ಮರುದಿನವೇ ಕಂಪ್ಯೂಟರ್ ತರಿಸಿದೆ. ಕುಲ್ಸುಮಬಿ ಚಾಟ್ ಮಾಡುವುದನ್ನು ಕಲಿಸಿದ್ದಾಳೆ, ಒಂದೇ ಬೆರಳಿನಲ್ಲಿ ಒತ್ತುತ್ತೇನೆ, ತಡವಾಗುತ್ತದೆ. ನಿಮ್ಮ ಅಂಗಡಿಯಲ್ಲೂ ಕಂಪ್ಯೂಟರ್ ಇದೆಯಲ್ಲ, ದಿನಾ ಸಂಜೆ ಐದಕ್ಕೆ ನಾನು ಕಾಯುತ್ತಿರುತ್ತೇನೆ. ಆ ಸುದ್ದಿಯನ್ನು ಇನ್ನೊಂದು ಸಲ, ಇನ್ನೂ ಯಾರಿಗೂ ಹೇಳಿಲ್ಲವೇನೋ ಎಂಬ ಹಾಗೆ, ನನಗೆ ಹೇಳವ್ವಾ.