ಮೊದಲು ರಾಣಿಗೆ, ಆಮೇಲೆ ಚುಕ್ಕಿಗೆ

ಸುವರ್ಣಾ,

ನೀನು ಸ್ಕೂಲಿನಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ ನಾನು ಹರಿಹರದ ಬಸ್ಸು ಹತ್ತಿರುತ್ತೇನೆ. ಅಕ್ಕನ ಮನೆಯಿಂದ ನಾಳೆ ಮಧ್ಯಾಹ್ನ ಬರುತ್ತೇನೆ.

ನಾಯಿಗಳಿಗೆ ಹಾಲು ಅನ್ನ ಕಲಸಿ ಮುಚ್ಚಿಟ್ಟಿದ್ದೇನೆ. ಮೊದಲು ರಾಣಿಗೆ ಹಾಕು, ಆಮೇಲೆ ಚುಕ್ಕಿಗೆ. ನಿನಗೇ ಹೇಳುತ್ತಿದ್ದೇನಲ್ಲ, ಕಲಿಸಿದವಳೇ ನೀನು!

ನೀನು ಚುಕ್ಕಿಯನ್ನು ಎತ್ತಿಕೊಂಡು ಬಂದ ದಿನ, "ಎರಡು ಹೆಣ್ಣು ನಾಯಿ ಒಂದೇ ಮನ್ಯಾಗೆ ಬಾಳಲ್ಲ, ವಾಪಸ್ ಬಿಟ್ಟು ಬಾ" ಎಂದು ಕೂಗಾಡಿದವಳು ನಾನೇ. ಹೊಸದಾಗಿ ಬಂದವರಿಗೆ ಮೊದಲು ಬಡಿಸಬೇಕೆಂದು ಚುಕ್ಕಿಗೆ ಮೊದಲು ಹಾಕಿ, ರಾಣಿ ಅದರ ಕಿವಿ ಕಚ್ಚುವ ಹಾಗೆ ಮಾಡಿದವಳೂ ನಾನೇ. ನೀನು ಆ ಕಿವಿಗೆ ಅರಿಶಿನ ಹಚ್ಚುತ್ತಾ, "ಅತ್ತೆ, ಅದೇನು ನೆಂಟರಲ್ಲ, ಇನ್ಮೇಲೆ ಮನೇದು. ಹಿರೇದಕ್ಕೆ ಮೊದ್ಲು ಹಾಕ್ರಿ" ಎಂದೆ. ನನಗೇ ಬುದ್ಧಿ ಹೇಳುತ್ತಾಳೆ ಎಂದು ಎರಡು ದಿನ ಮಾತು ಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಎರಡೂ ಒಂದೇ ಗೋಣಿಚೀಲದ ಮೇಲೆ ಮಲಗಿದ್ದವು. ತಾನು ಕಚ್ಚಿದ ಕಿವಿಯನ್ನೇ ರಾಣಿ ನೆಕ್ಕುತ್ತಿತ್ತು. ಎದುರುಮನೆ ಹಾಲಮ್ಮ, "ಇದು ಹೆಂಗೆ ಆತವ್ವ?" ಎಂದಳು. "ನಮ್ಮ ಸೊಸೆ ಮಾಡಿದ್ದು" ಎಂದೆ. ಇಡೀ ವಿನೋಬನಗರಕ್ಕೆ ಕೇಳುವ ಹಾಗೆ ಎಂದೆ.

ಹಿತ್ತಲ ಬಾಗಿಲಿಗೆ ಅಗುಳಿ ಹಾಕು, ಚುಕ್ಕಿ ತಲೆಯಿಂದ ತಳ್ಳುತ್ತದೆ.

ರೊಟ್ಟಿ, ಎಣ್ಣೆಗಾಯಿ ಡಬ್ಬಿಯಲ್ಲಿವೆ. ಎರಡು ವರ್ಷದಿಂದ ಎಲ್ಲರದ್ದೂ ಆದ ಮೇಲೇ ನೀನು ಉಣ್ಣುತ್ತೀಯ. ನಾನೇ ಹಾಕಿದ ರೂಢಿ. ಇವತ್ತು ನಿನ್ನ ಗಂಡ ಅಂಗಡಿಯಿಂದ ಬರುವತನಕ ಕಾಯಬೇಡ. ಅವನು ತಾನೇ ಬಡಿಸಿಕೊಳ್ಳಲಿ. ನೀನು ಮೊದಲು ಉಣ್ಣು.

ಅತ್ತೆ