ಆರಿಸಿ ಬಿಸಾಡಿದ ಕಾಳು

ಜೂನ್ 9, ಸೋಮವಾರ
ಅಂಗನವಾಡಿಯಲ್ಲಿ ತೂಕದ ದಿನ. ಹತ್ತೊಂಬತ್ತು ಮಕ್ಕಳು. ಮಿಷನ್ ಹತ್ತಿದರೆ ಎಲ್ಲಕ್ಕೂ ಕುಣಿತ. ವಚನಾ ಮಾತ್ರ ಸುಮ್ಮನೆ ನಿಂತಳು. ನಾಲ್ಕು ವರ್ಷ, ಹನ್ನೊಂದೂವರೆ ಕೆ.ಜಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ — ಬಿಳಿ. ಆರೋಗ್ಯ ಕ್ಯಾಂಪಿನಲ್ಲಿ ಹಿಮೋಗ್ಲೋಬಿನ್ 8.2 ಅಂದರು, ಹನ್ನೊಂದಾದರೂ ಇರಬೇಕಿತ್ತು. ಆರು ತಿಂಗಳಿಂದ ವಿಟಮಿನ್, ಕಬ್ಬಿಣಾಂಶ ಸೇರಿಸಿದ ಅಕ್ಕಿಯನ್ನೇ ಬೇಯಿಸಿ ಹಾಕುತ್ತಿದ್ದೇವೆ. ಎಲ್ಲಿ ಹೋಯಿತು ಅದೆಲ್ಲ?

ಜೂನ್ 11, ಬೆಳಗ್ಗೆ 9.15
ಸಿಕ್ಕಿತು. ಇವತ್ತು ಬೇಗ ಬಂದೆ. ಸಹಾಯಕಿ ಹನುಮಕ್ಕ ಮೊರದ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಅಕ್ಕಿಯಿಂದ ಒಂದೊಂದೇ ಕಾಳು ಹೆಕ್ಕಿ ಬಿಸಾಡುತ್ತಿದ್ದಾಳೆ.
"ಏನ್ ಹನುಮಕ್ಕ ಅದು?"
"ಪ್ಲಾಸ್ಟಿಕ್ಕು ಟೀಚರಮ್ಮ. ದಿನಾ ತೆಗೀತೀನಿ. ಮಕ್ಳು ತಿನ್ನೋದಲ್ವಾ, ಒಂದೂ ಬಿಡಲ್ಲ."
ಅಯ್ಯೋ ದೇವರೇ! ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ ಬೆರೆಸಿ ಅಕ್ಕಿಯ ಹಾಗೇ ಅಚ್ಚು ಹಾಕಿದ ಕಾಳು ಅದು. ನೂರು ಕಾಳಿಗೆ ಒಂದು — ಸತ್ವವೆಲ್ಲ ಇರುವುದೇ ಅದರಲ್ಲಿ. ಆರು ತಿಂಗಳು, ಅಷ್ಟು ಶ್ರದ್ಧೆಯಿಂದ! ಕಿರುಚಿಬಿಟ್ಟೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಟ್ರೈನಿಂಗ್‌ನಲ್ಲಿ ಕೂತು ಕೇಳಿದವಳು ನಾನು. ಅವಳಿಗೆ ಹೇಳಲೇ ಇಲ್ಲ.

ಜೂನ್ 13
ಇನ್ನು ಆರಿಸುವಂತಿಲ್ಲ ಅಂದೆ. ಮೂಡಲಪಾಳ್ಯದ ತುಂಬ ಸುದ್ದಿ — ಕೋಕಿಲಾ ಟೀಚರ್ ಪ್ಲಾಸ್ಟಿಕ್ ಅಕ್ಕಿ ಹಾಕ್ತಾರಂತೆ. ವಾಟ್ಸಾಪ್‌ನಲ್ಲಿ ಯಾವುದೋ ವಿಡಿಯೋ ಬೇರೆ. ನೆನೆಸಿದ ಕಾಳನ್ನು ತಾಯಂದಿರ ಎದುರೇ ಹಿಚುಕಿ ತೋರಿಸಿದೆ. "ಹಿಟ್ಟು ಕಣ್ರಮ್ಮ, ಅಕ್ಕಿ ಹಿಟ್ಟು!" ಯಾರಿಗೆ ಬೇಕು? ವಚನಾಳ ತಾಯಿ ಚೈತ್ರ ಮಗಳನ್ನು ಎಳೆದುಕೊಂಡೇ ಹೋದಳು.
ಸಂಜೆ ಸೂಪರ್‌ವೈಸರ್ ಫೋನ್. "ಯಾಕ್ರೀ ಗಲಾಟೆ? ಆರಿಸಿ ಹಾಕ್ಬಿಡಿ, ಮುಗೀತು."
"ಬರೆದು ಕೊಡಿ ಮೇಡಂ. ಸೈನ್ ಹಾಕಿ."
ಫೋನ್ ಕಟ್ ಮಾಡಿದರು. ಮಾಡಲಿ.

ಜೂನ್ 24
ವಚನಾ ಅಂಗನವಾಡಿಗೆ ಬರದೆ ಹನ್ನೊಂದು ದಿನ. ನಾನೇ ಮನೆಗೆ ಹೋದೆ. ಹಗಲು ಹನ್ನೊಂದಕ್ಕೆ ಮಗು ಚಾಪೆ ಮೇಲೆ ಮಲಗಿದೆ. ನನ್ನ ನೋಡಿಯೂ ಏಳಲಿಲ್ಲ.
ಚೈತ್ರ ಕೇಳಿದ್ದು ಒಂದೇ. "ನಿಮ್ಮನೇಲಿ ಯಾವ ಅಕ್ಕಿ ಟೀಚರ್?"
ಸೋನಾ ಮಸೂರಿ. ಅಂಗಡಿಯದು. ರೇಷನ್ ಅಕ್ಕಿಯಲ್ಲೂ ಇದೇ ಕಾಳಿದೆ, ಅದನ್ನು ಅತ್ತೆ ಯಾರಿಗೋ ಕೊಟ್ಟುಬಿಡುತ್ತಾರೆ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.
"ನೋಡಿದ್ರಾ," ಅಂದಳು.
ನೋಡಿದೆ ಕಣಮ್ಮ. ನಾಳೆಯಿಂದ ನನ್ನ ರೇಷನ್ ಅಕ್ಕಿ ತಂದು ಅದೇ ಪಾತ್ರೆಗೆ ಹಾಕುತ್ತೇನೆ. ಮಕ್ಕಳ ಸಾಲಿನಲ್ಲೇ ಕೂತು ಉಣ್ಣುತ್ತೇನೆ, ಬಾಗಿಲು ತೆಗೆದಿಟ್ಟು. ಇಡೀ ಬೀದಿ ನೋಡಲಿ!

ಜುಲೈ 7, ಮಧ್ಯಾಹ್ನ 12.40
ಎರಡು ವಾರವಾಗುತ್ತ ಬಂತು. ಹನುಮಕ್ಕನೂ ಪಕ್ಕದಲ್ಲಿ ಕೂರುತ್ತಾಳೆ. ಹೋಗುವವರು ಬರುವವರು ನಿಂತು ನಗುತ್ತಾರೆ. ಆಫೀಸಿನಿಂದ ಮೆಮೋ ಬರುತ್ತದಂತೆ. ಬರಲಿ, ಅದಕ್ಕೂ ಉತ್ತರ ಇದೆ.
ಮಕ್ಕಳು ಕೈ ತೊಳೆಯುತ್ತಿವೆ, ಎರಡು ನಿಮಿಷ ಸಿಕ್ಕಿತು, ಬರೆಯುತ್ತಿದ್ದೇನೆ... ಬಾಗಿಲಲ್ಲಿ ಚೈತ್ರ. ಅವಳ ಹಿಂದೆ ವಚನಾ. ಇಬ್ಬರ ಕೈಯಲ್ಲೂ ತಟ್ಟೆ.
"ಮೊದ್ಲು ನಂಗ್ ಬಡಿಸಿ ಟೀಚರ್. ನಾನ್ ತಿಂದು ನೋಡ್ತೀನಿ. ಆಮೇಲೆ ಇವ್ಳಿಗೆ."
ವಚನಾ ಕಾಯಲಿಲ್ಲ. ಅಮ್ಮನನ್ನು ದಾಟಿ ಬಂದು ತನ್ನ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ಮೊದಲು ಬಡಿಸಬೇಕು, ಬರೆಯುವುದು ಆಮೇಲೆ —